ಯುದ್ಧದ ಟೈಮಲ್ಲಿ ಪೆಟ್ರೋಲ್ ಕಂಪನಿಗಳ ಹೆಸರು, ಮರ್ಯಾದೆ, ಬೈಗುಳ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲೋ ಯುದ್ಧ ಶುರುವಾದ್ರೆ ಜನ ಮೊದಲು ಪೆಟ್ರೋಲ್ ಕಂಪನಿಗಳನ್ನೇ ಯಾಕೆ ಬೈತಾರೆ?

ಯಾಕಂದ್ರೆ ಕಣ್ಣಿಗೆ ಕಾಣೋದು ಅವರೊಬ್ಬರೇ. ಬಾಂಬ್ ಮಾಡೋ ಕಂಪನಿ ಬೋರ್ಡ್ ನಮ್ಮ ದಾರಿಯಲ್ಲಿ ಎಲ್ಲೂ ಇರಲ್ಲ, ಹಡಗಿಗೆ ಇನ್ಶೂರೆನ್ಸ್ ಮಾಡೋನು ಯಾರು ಅಂತ ಯಾರಿಗೂ ಗೊತ್ತಿಲ್ಲ, ಆದ್ರೆ ಪೆಟ್ರೋಲ್ ಬಂಕ್ ನೋಡಿ, ಆಳೆತ್ತರದ ಕಂಬದ ಮೇಲೆ ಹೆಸರು, ಅದರ ಕೆಳಗೇ ರೇಟು, ಅದೂ ದೂರದಿಂದ ಓದೋ ಹಾಗೆ ಲೈಟ್ ಹಾಕಿ. ತನ್ನ ರೇಟ್ ಏರಿದ್ದನ್ನ ತಾನೇ ಇಷ್ಟು ದೊಡ್ಡದಾಗಿ ಬರೆದುಕೊಳ್ಳೋ ಬಿಸಿನೆಸ್ ಇನ್ನೊಂದಿಲ್ಲ. ಯುದ್ಧದ ಸುದ್ದಿ ಬೆಳಗ್ಗೆ ಬರುತ್ತೆ, ಸಂಜೆ ಆ ಕಂಬದ ಮೇಲಿನ ನಂಬರ್ ಬದಲಾಗುತ್ತೆ, ಜನ ಎರಡನ್ನೂ ಕೂಡಿಸಿ ನೋಡ್ತಾರೆ, ತಪ್ಪೇನಿಲ್ಲ.

ಆದ್ರೆ ಈ ಪೇಜ್ ಪೂರ್ತಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು, ಮೊದಲೇ ಹೇಳಿಬಿಡ್ತೀನಿ. ಬೋರ್ಡ್ ಬೇರೆ, ಒಳಗಿರೋ ಎಣ್ಣೆ ಬೇರೆ, ಒಡೆಯ ಬೇರೆ. ಶಾಂತಿ ಕಾಲದಲ್ಲಿ ಈ ಮೂರೂ ಒಂದೇ ಅಂತ ನಂಬಿಸೋಕೆ ಕಂಪನಿ ಕೋಟಿಗಟ್ಟಲೆ ಖರ್ಚು ಮಾಡುತ್ತೆ. ಯುದ್ಧ ಬಂದಾಗ ಅದೇ ನಂಬಿಕೆ ಅವರ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ.

ರೇಟ್ ಏರಿಸೋದು ಆ ಕಂಪನಿಗಳೇ ಅಲ್ವಾ?

ಅರ್ಧ ಹೌದು, ಅರ್ಧ ಅಲ್ಲ. ಕಚ್ಚಾ ತೈಲದ ರೇಟು ಮಾರ್ಕೆಟ್‌ನಲ್ಲಿ ಭಯದ ಮೇಲೆ ಕುಣಿಯುತ್ತೆ. 1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತ್‌ಗೆ ನುಗ್ಗಿದಾಗ ರೇಟ್ ಎರಡೇ ತಿಂಗಳಲ್ಲಿ ದುಪ್ಪಟ್ಟಾಯ್ತು, ಆದ್ರೆ 1991ರ ಜನವರಿ 17ಕ್ಕೆ ನಿಜವಾಗಿ ಬಾಂಬ್ ಬೀಳೋಕೆ ಶುರುವಾದ ದಿನ ಒಂದೇ ಏಟಿಗೆ ಮೂರನೇ ಒಂದು ಭಾಗ ಬಿದ್ದುಹೋಯ್ತು, ಯಾಕಂದ್ರೆ ಯುದ್ಧ ಬೇಗ ಮುಗಿಯುತ್ತೆ ಅಂತ ಎಲ್ಲರಿಗೂ ಅನ್ನಿಸ್ತು. ಅಂದ್ರೆ ಯುದ್ಧಕ್ಕಿಂತ ಯುದ್ಧದ ಹೆದರಿಕೆನೇ ದುಬಾರಿ.

ಹಾಗಂತ ಕಂಪನಿಗಳು ಪಾಪ ಏನೂ ಅರಿಯದವು ಅನ್ಕೋಬೇಡಿ. ನೆಲದಿಂದ ಎಣ್ಣೆ ತೆಗೆಯೋ ಖರ್ಚು ಯುದ್ಧ ಬಂತು ಅಂತ ಏರಲ್ಲ, ನಿನ್ನೆ ಎಷ್ಟಿತ್ತೋ ಇವತ್ತೂ ಹೆಚ್ಚುಕಮ್ಮಿ ಅಷ್ಟೇ, ಮಾರೋ ರೇಟ್ ಮಾತ್ರ ಏರುತ್ತೆ, ಮಧ್ಯದ ದುಡ್ಡು ಕೂತಲ್ಲೇ ಬಂದು ಬೀಳುತ್ತೆ. 2022ರಲ್ಲಿ ಎಕ್ಸಾನ್‌ಮೊಬಿಲ್ ಲಾಭ 5,570 ಕೋಟಿ ಡಾಲರ್, ಶೆಲ್ ಸುಮಾರು 3,990 ಕೋಟಿ ಡಾಲರ್, ಎರಡಕ್ಕೂ ಅದು ಅಲ್ಲಿವರೆಗಿನ ದಾಖಲೆ. ಆ ವರ್ಷ ಜೂನ್‌ನಲ್ಲಿ ಅಮೆರಿಕ ಅಧ್ಯಕ್ಷ ಬೈಡನ್, ಎಕ್ಸಾನ್ ದೇವರಿಗಿಂತ ಜಾಸ್ತಿ ದುಡ್ಡು ಮಾಡಿದೆ ಅಂತ ನೇರವಾಗೇ ಚುಚ್ಚಿದ್ರು. ಬ್ರಿಟನ್ ಸರ್ಕಾರ ಅದಕ್ಕೂ ಮುಂಚೆ ಮೇ ತಿಂಗಳಲ್ಲೇ 25 ಪರ್ಸೆಂಟ್ ಹೆಚ್ಚುವರಿ ಲಾಭದ ತೆರಿಗೆ ಹಾಕ್ತು, ಆಮೇಲೆ ಅದನ್ನ 35ಕ್ಕೆ, ಮತ್ತೆ 38ಕ್ಕೆ ಏರಿಸಿದ್ರು. ಇಂಥ ವರ್ಷದಲ್ಲಿ ಕಂಪನಿಯ ಲೆಕ್ಕದ ಆಫೀಸಲ್ಲಿ ಹಬ್ಬ, ಪ್ರಚಾರದ ಆಫೀಸಲ್ಲಿ ಸೂತಕ.

ಬಂಕ್ ಮೇಲೆ ಯಾವ ಹೆಸರಿದೆಯೋ ಅದೇ ಕಂಪನಿ ಎಣ್ಣೆ ಒಳಗಿರುತ್ತಾ?

ಗ್ಯಾರಂಟಿ ಇಲ್ಲ. ಪೈಪ್‌ಲೈನಲ್ಲಿ, ಡಿಪೋ ಟ್ಯಾಂಕಲ್ಲಿ ಎಲ್ಲರ ಪೆಟ್ರೋಲೂ ಒಂದರಲ್ಲೊಂದು ಬೆರೆತಿರುತ್ತೆ, ಕಂಪನಿಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡ್ಕೋತಾವೆ, ಟ್ಯಾಂಕರ್ ಲಾರಿಗೆ ತುಂಬಿಸೋವಾಗ ತಮ್ಮದೇ ಒಂದಿಷ್ಟು ರಾಸಾಯನಿಕ ಸೇರಿಸ್ತಾರೆ, ಆಗ ಅದು ‘ನಮ್ಮ’ ಪೆಟ್ರೋಲ್ ಆಗುತ್ತೆ. ಕಚ್ಚಾ ತೈಲ ಯಾವ ದೇಶದ್ದು ಅನ್ನೋದು ಬಂಕ್‌ನವನಿಗೂ ಗೊತ್ತಿರಲ್ಲ.

ಬಂಕ್ ಒಡೆಯನ ಕಥೆ ಇನ್ನೂ ಮಜಾ. ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಹೆಸರು ಹೊತ್ತಿರೋ ಬಂಕ್‌ಗಳಲ್ಲಿ ಬಹುಪಾಲು ಆ ಕಂಪನಿಗಳದ್ದೇ ಅಲ್ಲ, ಲೋಕಲ್ ಜನ ನಡೆಸೋದು, ಬೋರ್ಡ್ ಮಾತ್ರ ಬಾಡಿಗೆ ತರ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯ್ತಲ್ಲ, ಅದಾಗಿ ಒಂದು ವಾರದೊಳಗೆ ನ್ಯೂಜೆರ್ಸಿಯ ನ್ಯೂಆರ್ಕ್ ನಗರಸಭೆ ಊರಲ್ಲಿದ್ದ ಲುಕಾಯಿಲ್ ಬಂಕ್‌ಗಳ ಲೈಸೆನ್ಸ್ ಸಸ್ಪೆಂಡ್ ಮಾಡ್ಬೇಕು ಅಂತ ನಿರ್ಣಯ ಮಾಡ್ತು. ಲುಕಾಯಿಲ್ ರಷ್ಯಾ ಕಂಪನಿ, ನಿಜ. ಆದ್ರೆ ಅಲ್ಲಿ ಗಲ್ಲಾದಲ್ಲಿ ಕೂತಿದ್ದೋರು ನ್ಯೂಜೆರ್ಸಿಯವರೇ, ತುಂಬಾ ಜನ ಬೇರೆ ಬೇರೆ ದೇಶದಿಂದ ಬಂದು ಸಾಲಸೋಲ ಮಾಡಿ ಬಂಕ್ ಹಿಡಿದೋರು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಅಂತಾರಲ್ಲ ಹಾಗೆ. ಇತ್ತ ಮಾರ್ಚ್ 3ಕ್ಕೆ ಲುಕಾಯಿಲ್‌ನ ನಿರ್ದೇಶಕ ಮಂಡಳಿ ಯುದ್ಧ ಆದಷ್ಟು ಬೇಗ ನಿಲ್ಲಲಿ ಅಂತ ಬಹಿರಂಗವಾಗಿ ಹೇಳ್ತು, ದೊಡ್ಡ ರಷ್ಯನ್ ಕಂಪನಿಯೊಂದು ಹಾಗೆ ಹೇಳೋದು ಸಣ್ಣ ವಿಷಯ ಅಲ್ಲ, ಆದ್ರೂ ಬಂಕ್ ಮುಂದೆ ನಿಂತು ಕೂಗೋರಿಗೆ ಅದೆಲ್ಲಾ ಯಾಕೆ ಬೇಕು.

ಬಿಪಿ ಅಂದ್ರೆ ಬ್ರಿಟಿಷರದ್ದೇ ತಾನೇ, ಅದರಲ್ಲಿ ಏನು ಡೌಟು?

ಈ ಪ್ರಶ್ನೆಗೆ ಉತ್ತರ ಕೊಡೋದು ಅಂದ್ರೆ ನಂಗೆ ಖುಷಿ. ‘ಬ್ರಿಟಿಷ್ ಪೆಟ್ರೋಲಿಯಂ’ ಅನ್ನೋ ಹೆಸರು ಇಟ್ಟಿದ್ದೇ ಜರ್ಮನ್ ಒಡೆತನದ ಒಂದು ಗುಂಪು! ಬ್ರಿಟನ್‌ನಲ್ಲಿ ತಮ್ಮ ಮಾಲು ಮಾರೋಕೆ ಅಂತ ಆ ಹೆಸರಿನ ಕಂಪನಿ ಮಾಡ್ಕೊಂಡಿದ್ರು, ಊರಿಗೆ ತಕ್ಕ ವೇಷ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು, ಬ್ರಿಟನ್ ಸರ್ಕಾರ ಇದು ಶತ್ರು ಆಸ್ತಿ ಅಂತ ಜಪ್ತಿ ಮಾಡ್ತು, 1917ರಲ್ಲಿ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿಗೆ ಮಾರ್ತು. ಆಂಗ್ಲೋ ಪರ್ಷಿಯನ್‌ನಲ್ಲಿ ಆಗಲೇ ಬ್ರಿಟನ್ ಸರ್ಕಾರಕ್ಕೇ ಅರ್ಧಕ್ಕಿಂತ ಜಾಸ್ತಿ ಷೇರು, ನೌಕಾಪಡೆಗೆ ಎಣ್ಣೆ ಬೇಕು ಅಂತ 1914ರಲ್ಲಿ ಚರ್ಚಿಲ್ ಪಾರ್ಲಿಮೆಂಟ್ ಮುಂದೆ ವಾದ ಮಾಡಿ ಕೊಡಿಸಿದ್ದು. ಆ ಕಂಪನಿಗೆ ಈ ಹೆಸರು ಎಷ್ಟು ಹಿಡಿಸ್ತು ಅಂದ್ರೆ 1954ರಲ್ಲಿ ಇಡೀ ಕಂಪನಿಗೇ ಅದನ್ನ ಇಟ್ಕೊಂಡ್ರು. ಅಂದ್ರೆ ಹೆಸರಲ್ಲೇ ದೇಶ ಇಟ್ಕೊಂಡಿರೋ ಈ ಬ್ರ್ಯಾಂಡ್ ಯುದ್ಧದಲ್ಲಿ ಸಿಕ್ಕಿದ ಲೂಟಿ ಮಾಲು.

ಯುದ್ಧದಲ್ಲಿ ಬ್ರ್ಯಾಂಡೇ ಇಲ್ಲದ ಹಾಗೆ ಮಾಡಿದ ಉದಾಹರಣೆ ಇದೆಯಾ?

ಇದೆ, ಅದೂ ಹದಿಮೂರು ವರ್ಷಕ್ಕೂ ಜಾಸ್ತಿ ನಡೀತು. 1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟನ್‌ನಲ್ಲಿ ಶೆಲ್, ಬಿಪಿ, ಎಸ್ಸೋ ಎಲ್ಲಾ ಹೆಸರುಗಳನ್ನೂ ಪಂಪ್ ಮೇಲಿಂದ ತೆಗೆದುಬಿಟ್ರು. ಕಂಪನಿಗಳೆಲ್ಲಾ ಸೇರಿ ಪೆಟ್ರೋಲಿಯಂ ಬೋರ್ಡ್ ಅಂತ ಒಂದನ್ನ ಮಾಡ್ಕೊಂಡು, ಇರೋ ಟ್ಯಾಂಕು, ಲಾರಿ, ಡಿಪೋ ಎಲ್ಲಾ ಒಟ್ಟಿಗೆ ಹಾಕಿ, ಒಂದೇ ತರದ ಪೆಟ್ರೋಲ್ ಮಾರಿದ್ರು. ಅದಕ್ಕೆ ಹೆಸರು ‘ಪೂಲ್’, ಅಷ್ಟೇ. ಕಳಪೆ ಆಕ್ಟೇನ್, ಇಂಜಿನ್ ಟಕಟಕ ಅನ್ನೋದು, ಅದನ್ನೂ ಕೂಪನ್ ಕೊಟ್ಟೇ ತಗೋಬೇಕು. 1942ರ ಜುಲೈ ಬರೋಷ್ಟರಲ್ಲಿ ಸುಮ್ನೆ ಸ್ವಂತ ಓಡಾಟಕ್ಕೆ ಅಂತ ಕೊಡ್ತಿದ್ದ ಬೇಸಿಕ್ ಕೋಟಾನೂ ನಿಲ್ಲಿಸಿದ್ರು.

ಯುದ್ಧ 1945ಕ್ಕೆ ಮುಗೀತು, ಕೂಪನ್ 1950ರ ಮೇ ತಿಂಗಳಲ್ಲಿ ಹೋಯ್ತು, ಆದ್ರೆ ಬ್ರ್ಯಾಂಡ್ ಹೆಸರುಗಳು ವಾಪಸ್ ಬಂದಿದ್ದು 1953ರ ಫೆಬ್ರವರಿಗೆ. ಯೋಚನೆ ಮಾಡಿ, 1939ರಲ್ಲಿ ಐದು ವರ್ಷದ ಮಗು ಆಗಿದ್ದೋನು ಕಾರ್ ಓಡಿಸೋ ವಯಸ್ಸಿಗೆ ಬಂದಾಗ ಅವನಿಗೆ ಪೆಟ್ರೋಲ್‌ಗೆ ಒಂದು ಕಂಪನಿ ಹೆಸರು ಇರುತ್ತೆ ಅನ್ನೋದೇ ಅಭ್ಯಾಸ ಇಲ್ಲ.

ಇದರಿಂದ ಒಂದು ಶಾಶ್ವತ ಬದಲಾವಣೆನೂ ಆಯ್ತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯುದ್ಧಕ್ಕೆ ಮುಂಚೆ ಒಂದೇ ಗ್ಯಾರೇಜ್ ಮುಂದೆ ನಾಲ್ಕೈದು ಕಂಪನಿ ಪಂಪ್‌ಗಳು ಸಾಲಾಗಿ ನಿಂತಿರ್ತಿದ್ವು, ಬೇಕಾದ್ದು ಹಾಕಿಸ್ಕೋ. ಬ್ರ್ಯಾಂಡ್ ವಾಪಸ್ ಬರೋ ಹೊತ್ತಿಗೆ ಕಂಪನಿಗಳು ಗ್ಯಾರೇಜ್‌ನವರ ಹತ್ರ, ನಮ್ಮದೊಂದೇ ಮಾರ್ಬೇಕು ಅಂತ ಮೊದಲೇ ಅಗ್ರಿಮೆಂಟ್ ಮಾಡ್ಕೊಂಡಿದ್ವು. ಈಗ ನಾವು ನೋಡೋ ಒಂದು ಬಂಕ್ ಒಂದು ಹೆಸರು ಅನ್ನೋ ಪದ್ಧತಿ ಬ್ರಿಟನ್‌ನಲ್ಲಿ ಬೇರೂರಿದ್ದು ಹೀಗೆ. ಹೆಸರು ಅಳಿಸಿದ ಕಾಲವೇ ಹೆಸರಿಗೆ ಇನ್ನೂ ಗಟ್ಟಿ ಜಾಗ ಮಾಡಿಕೊಡ್ತು.

ಮಾರೋಕೆ ಮಾಲೇ ಇಲ್ಲ ಅಂದ್ಮೇಲೆ ಯುದ್ಧದಲ್ಲಿ ಜಾಹೀರಾತು ಯಾಕೆ ಕೊಡ್ತಿದ್ರು?

ಅಮೆರಿಕದಲ್ಲಿ ಇದು ಸಖತ್ ನಡೀತು. 1942ರ ಡಿಸೆಂಬರ್ 1ರಿಂದ ಇಡೀ ದೇಶಕ್ಕೆ ಪೆಟ್ರೋಲ್ ರೇಷನ್, ಕಾರಣ ಪೆಟ್ರೋಲ್ ಕೊರತೆಗಿಂತ ಮುಖ್ಯವಾಗಿ ರಬ್ಬರ್ ಕೊರತೆ, ರಬ್ಬರ್ ಬರ್ತಿದ್ದ ಆಗ್ನೇಯ ಏಷ್ಯಾ ಜಪಾನ್ ಕೈಗೆ ಹೋಗಿತ್ತು, ಕಾರ್ ಓಡದಿದ್ರೆ ಟೈರ್ ಸವೆಯಲ್ಲ ಅನ್ನೋ ಲೆಕ್ಕ. ಆಗ ಪೆಟ್ರೋಲ್ ಕಂಪನಿಗಳ ಆಡ್ ನೋಡ್ಬೇಕು, ಕಮ್ಮಿ ಓಡಿಸಿ, ನಿಧಾನ ಓಡಿಸಿ, ಟೈರ್ ಗಾಳಿ ನೋಡ್ಕೊಳ್ಳಿ, ನಮ್ಮ 100 ಆಕ್ಟೇನ್ ಪೆಟ್ರೋಲ್ ಈಗ ವಿಮಾನಕ್ಕೆ ಹೋಗಿದೆ, ಗೆದ್ದ ಮೇಲೆ ನಿಮ್ಮ ಕಾರಿಗೂ ಬರುತ್ತೆ. ಎಸ್ಸೋ ಅಂತೂ ರೋಡ್ ಮ್ಯಾಪ್ ಬದಲು ಯುದ್ಧದ ಮ್ಯಾಪ್ ಹಂಚ್ತು, ಜನ ಅದನ್ನ ಗೋಡೆಗೆ ಹಾಕ್ಕೊಂಡು ಸುದ್ದಿ ಕೇಳ್ತಾ ಸೈನ್ಯ ಎಲ್ಲಿದೆ ಅಂತ ಬೆರಳಿಟ್ಟು ನೋಡಬಹುದಿತ್ತು. ಕಂಪನಿ ಹೆಸರು ಮನೆ ಗೋಡೆ ಮೇಲೆ, ಅದೂ ದೇಶಭಕ್ತಿ ಲೆಕ್ಕದಲ್ಲಿ. ಅದನ್ನ ಐಡಿಯಾ ಅಂತಾರೆ.

ದೇಶಭಕ್ತಿ ಒಂದೇ ಕಾರಣ ಅಲ್ಲ ಮತ್ತೆ. ಯುದ್ಧದ ಹೆಚ್ಚುವರಿ ಲಾಭದ ಮೇಲೆ 95 ಪರ್ಸೆಂಟ್‌ವರೆಗೂ ತೆರಿಗೆ ಇತ್ತು, ಆಡ್‌ಗೆ ಹಾಕಿದ ದುಡ್ಡು ಖರ್ಚು ಅಂತ ತೋರಿಸಬಹುದಿತ್ತು. ಸರ್ಕಾರಕ್ಕೆ ಹೋಗೋ ದುಡ್ಡಲ್ಲಿ ತಮ್ಮ ಹೆಸರು ಹೊಳಪು ಮಾಡ್ಕೊಂಡ್ರೆ ಯಾರಿಗೆ ಬೇಡ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಶತ್ರುಗಳಿಗೆ ಸಹಾಯ ಮಾಡಿ ಸಿಕ್ಕಿಬಿದ್ದ ಕಂಪನಿ ಇದೆಯಾ?

ಎರಡು ಕಥೆ ಹೇಳ್ಲೇಬೇಕು.

ಒಂದು ಟೆಕ್ಸಾಕೋ. ಅದರ ಚೇರ್ಮನ್ ಟಾರ್ಕಿಲ್ಡ್ ರೀಬರ್, ನಾರ್ವೆಯಲ್ಲಿ ಹುಟ್ಟಿ ಹಡಗಲ್ಲಿ ಕೆಲಸ ಮಾಡಿ ಮೇಲೆ ಬಂದೋನು. 1936ರಲ್ಲಿ ಸ್ಪೇನ್ ಅಂತರ್ಯುದ್ಧ ಶುರುವಾದಾಗ ಚುನಾಯಿತ ಸರ್ಕಾರಕ್ಕೆ ಹೋಗ್ಬೇಕಿದ್ದ ಎಣ್ಣೆನ ದಂಗೆ ಎದ್ದ ಫ್ರಾಂಕೋ ಕಡೆಗೆ ತಿರುಗಿಸಿದ, ಅದೂ ಸಾಲದ ಮೇಲೆ. ಅಮೆರಿಕ ಸರ್ಕಾರ ಹಾಕಿದ ದಂಡ 22,000 ಡಾಲರ್, ಅಷ್ಟು ದೊಡ್ಡ ಕಂಪನಿಗೆ ಅದು ಪಾರ್ಕಿಂಗ್ ಫೈನ್ ಇದ್ದ ಹಾಗೆ. ಆಮೇಲೆ 1940ರಲ್ಲಿ ವೆಸ್ಟ್ರಿಕ್ ಅನ್ನೋ ಜರ್ಮನ್ ಏಜೆಂಟ್ ನ್ಯೂಯಾರ್ಕ್‌ಗೆ ಬಂದು ಸಂಪರ್ಕ ಬೆಳೆಸೋಕೆ ಟೆಕ್ಸಾಕೋ ಬೆಂಬಲ ಇದ್ದದ್ದು ಪೇಪರಲ್ಲಿ ಬಂತು, ಆ ಆಗಸ್ಟ್‌ನಲ್ಲಿ ರೀಬರ್ ರಾಜೀನಾಮೆ ಕೊಟ್ಟ.

ಈಗ ಕೇಳಿ. ಅದೇ ವರ್ಷ ಡಿಸೆಂಬರ್ 7ಕ್ಕೆ ಟೆಕ್ಸಾಕೋ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾನ ರೇಡಿಯೋದಲ್ಲಿ ಪ್ರಾಯೋಜಿಸೋಕೆ ಶುರುಮಾಡ್ತು. ಪ್ರತಿ ಶನಿವಾರ ಮಧ್ಯಾಹ್ನ, ಒಳ್ಳೆ ಸಂಗೀತ, ನಡುನಡುವೆ ಕಂಪನಿ ಹೆಸರು. ಅದು ನಡೆದಿದ್ದು 2004ರವರೆಗೆ! ಅರವತ್ತು ವರ್ಷದ ಮೇಲೆ. ಇವತ್ತು ವಯಸ್ಸಾದ ಅಮೆರಿಕನ್ನರಿಗೆ ಟೆಕ್ಸಾಕೋ ಅಂದ್ರೆ ಆಪೆರಾ ನೆನಪಾಗುತ್ತೆ, ಫ್ರಾಂಕೋ ಯಾರಿಗೂ ನೆನಪಾಗಲ್ಲ. ಇಮೇಜ್ ತೊಳೆಯೋ ಕೆಲಸದಲ್ಲಿ ಇದನ್ನ ಮೀರಿಸಿದ್ದು ನಾನಂತೂ ನೋಡಿಲ್ಲ.

ಇನ್ನೊಂದು ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ, ಅಂದ್ರೆ ಈಗಿನ ಎಕ್ಸಾನ್. 1929ರಲ್ಲಿ ಜರ್ಮನಿಯ ಐಜಿ ಫಾರ್ಬೆನ್ ಅನ್ನೋ ದೊಡ್ಡ ರಾಸಾಯನಿಕ ಕಂಪನಿ ಜೊತೆ ಪೇಟೆಂಟ್ ಹಂಚ್ಕೊಳ್ಳೋ ಒಪ್ಪಂದ ಮಾಡ್ಕೊಂಡಿತ್ತು. ಯುದ್ಧ ಬಂದು ರಬ್ಬರ್ ಇಲ್ಲದೆ ದೇಶ ಒದ್ದಾಡೋವಾಗ, ಕೃತಕ ರಬ್ಬರ್ ಅಮೆರಿಕದಲ್ಲಿ ಬೆಳೆಯದ ಹಾಗೆ ಆದದ್ದು ಈ ಒಪ್ಪಂದದಿಂದಲೇ ಅನ್ನೋ ಆರೋಪ ಬಂತು. 1942ರ ಮಾರ್ಚ್‌ನಲ್ಲಿ ಕಂಪನಿ ಕೋರ್ಟಿನಲ್ಲಿ ರಾಜಿ ಮಾಡ್ಕೊಂಡು ಪೇಟೆಂಟ್ ಬಿಟ್ಟುಕೊಡ್ತು, ಒಟ್ಟು ದಂಡ 50,000 ಡಾಲರ್. ಆಮೇಲೆ ಸೆನೆಟರ್ ಟ್ರೂಮನ್ ಸಮಿತಿ ಮುಂದೆ ಮಾನ ಹೋಯ್ತು. ದಂಡ ಏನೂ ಅಲ್ಲ, ಆದ್ರೆ ಹೆಸರಿಗೆ ಮಸಿ. ಅದನ್ನ ತೊಳೆಯೋಕೆ 1943ರಲ್ಲಿ ರಾಯ್ ಸ್ಟ್ರೈಕರ್ ಅನ್ನೋರನ್ನ ಕರ್ಕೊಂಡು ಬಂದ್ರು, ಅದಕ್ಕೂ ಮುಂಚೆ ಸರ್ಕಾರದಲ್ಲಿದ್ದು ಬಡ ರೈತರ ಫೋಟೋ ತೆಗೆಸಿ ಹೆಸರು ಮಾಡಿದ್ದೋರು. ಅವರ ಕೈಕೆಳಗೆ ಗಾರ್ಡನ್ ಪಾರ್ಕ್ಸ್, ಎಸ್ತರ್ ಬಬ್ಲಿ ಅಂಥ ಫೋಟೋಗ್ರಾಫರ್‌ಗಳು ಊರೂರು ತಿರುಗಿದ್ರು, ಎಣ್ಣೆ ಬಾವಿ ಕೂಲಿ, ಬಸ್ ಪ್ರಯಾಣಿಕರು, ಸಣ್ಣ ಊರಿನ ಬೀದಿ. ಫೋಟೋಗಳು ನಿಜಕ್ಕೂ ಅದ್ಭುತ, ಅದನ್ನೂ ಒಪ್ಕೋಬೇಕು. ಮಸಿ ತೊಳೆಯೋಕೆ ತಂದ ನೀರಲ್ಲಿ ಒಂದು ಒಳ್ಳೆ ಗಿಡನೂ ಬೆಳೀತು.

ಶೆಲ್ ಬಗ್ಗೆನೂ ನಾಜಿ ಸಂಬಂಧ ಅಂತ ಕೇಳಿದ್ದೆ?

ಅದು ಹೆನ್ರಿ ಡೆಟರ್ಡಿಂಗ್ ಅನ್ನೋ ಬಾಸ್ ಬಗ್ಗೆ. ವಯಸ್ಸಾದ ಮೇಲೆ ನಾಜಿಗಳ ಕಡೆ ವಾಲಿದ್ದು ನಿಜ, 1936ರ ಕೊನೆಗೆ ಕಂಪನಿಯಿಂದ ಹೊರಗೆ ಹೋದ, 1939ರ ಫೆಬ್ರವರಿಯಲ್ಲಿ ಯುದ್ಧ ಶುರುವಾಗೋಕೆ ಮುಂಚೆನೇ ಸತ್ತ. ಮೊದಲ ಮಹಾಯುದ್ಧದಲ್ಲಿ ಅದೇ ಕಂಪನಿ ಬ್ರಿಟನ್ ಪರ ಎಷ್ಟು ದುಡೀತು ಅಂದ್ರೆ, ಟಿಎನ್‌ಟಿ ಸ್ಫೋಟಕಕ್ಕೆ ಬೇಕಾದ ಟೊಲ್ಯೂಯಿನ್ ತೆಗೆಯೋ ಕಾರ್ಖಾನೆ ರೋಟರ್‌ಡ್ಯಾಮಲ್ಲಿತ್ತು, 1915ರಲ್ಲಿ ಅದನ್ನ ಬಿಡಿಬಿಡಿಯಾಗಿ ಬಿಚ್ಚಿ ಒಂದೊಂದು ಭಾಗಕ್ಕೂ ನಂಬರ್ ಹಾಕಿ ಹಡಗಲ್ಲಿ ಸದ್ದಿಲ್ಲದೆ ಇಂಗ್ಲೆಂಡಿಗೆ ಸಾಗಿಸಿ ಮತ್ತೆ ಜೋಡಿಸಿದ್ರು. ಒಂದೇ ಬೋರ್ಡ್, ಎರಡು ಯುದ್ಧ, ಎರಡು ಮುಖ.

1973ರಲ್ಲಿ ಕಂಪನಿಗಳಿಗೆ ಯಾಕೆ ಅಷ್ಟು ಕೆಟ್ಟ ಹೆಸರು ಬಂತು? ಎಣ್ಣೆ ನಿಲ್ಲಿಸಿದ್ದು ಅರಬ್ ದೇಶಗಳಲ್ವಾ?

ನಿಲ್ಲಿಸಿದ್ದು ಅವರೇ. ಅಕ್ಟೋಬರ್‌ನಲ್ಲಿ ಈಜಿಪ್ಟ್, ಸಿರಿಯಾ ಇಸ್ರೇಲ್ ಮೇಲೆ ಯುದ್ಧಕ್ಕೆ ಹೋದ್ರು, ಅಮೆರಿಕ ಇಸ್ರೇಲ್‌ಗೆ ಶಸ್ತ್ರ ಕೊಡ್ತು, ಅರಬ್ ದೇಶಗಳು ಅಮೆರಿಕಕ್ಕೂ ನೆದರ್‌ಲ್ಯಾಂಡ್ಸ್‌ಗೂ ಎಣ್ಣೆ ಬಂದ್ ಮಾಡಿದ್ರು. ಮೂರು ಡಾಲರ್ ಆಸುಪಾಸಿದ್ದ ಬ್ಯಾರೆಲ್ ಜನವರಿ ಹೊತ್ತಿಗೆ ಹನ್ನೊಂದು ದಾಟ್ತು. ಕಂಪನಿಗಳು ಮಧ್ಯದಲ್ಲಿ ಸಿಕ್ಕಾಕೊಂಡ್ವು, ಯಾಕಂದ್ರೆ ಅಮೆರಿಕದ ಎಕ್ಸಾನ್, ಮೊಬಿಲ್, ಟೆಕ್ಸಾಕೋ, ಸೋಕಾಲ್ (ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ) ನಾಲ್ಕೂ ಸೌದಿಯ ಎಣ್ಣೆ ಕಂಪನಿ ಅರಾಮ್ಕೋದಲ್ಲಿ ಪಾಲುದಾರರು. ಆ ಬೇಸಿಗೆಯಲ್ಲೇ ಸೋಕಾಲ್ ಚೇರ್ಮನ್, ಅರಬ್ಬರ ಆಸೆಗಳನ್ನೂ ಅರ್ಥ ಮಾಡ್ಕೋಬೇಕು ಅಂತ ಷೇರುದಾರರಿಗೆ ಒಂದು ಕಾಗದ ಬರೆದಿದ್ದ, ಅದಕ್ಕೇ ಬಹಿಷ್ಕಾರದ ಕರೆ ಬಂದಿತ್ತು.

ಒಂದು ಸೀನ್ ಮಾತ್ರ ನಂಗೆ ಮರೆಯೋಕಾಗಲ್ಲ. ಬ್ರಿಟನ್ ಪ್ರಧಾನಿ ಎಡ್ವರ್ಡ್ ಹೀತ್, ಶೆಲ್ ಮತ್ತೆ ಬಿಪಿ ಮುಖ್ಯಸ್ಥರನ್ನ ಚೆಕರ್ಸ್ ಅನ್ನೋ ಪ್ರಧಾನಿಯ ಹಳ್ಳಿ ಬಂಗಲೆಗೆ ಕರೆಸಿ ಎಣ್ಣೆ ಮೊದಲು ಬ್ರಿಟನ್‌ಗೆ ಕೊಡಿ ಅಂತ ಕೇಳಿದ್ರು. ಬಿಪಿಯಲ್ಲಿ ಸರ್ಕಾರದ್ದೇ ಹೆಚ್ಚುಕಮ್ಮಿ ಅರ್ಧ ಷೇರು. ಆದ್ರೂ ಬಿಪಿಯ ಎರಿಕ್ ಡ್ರೇಕ್ ಬಗ್ಗಲಿಲ್ಲ, ಬೇರೆ ದೇಶಗಳ ಜೊತೆಗೂ ಒಪ್ಪಂದ ಇದೆ, ಯಾವ ದೇಶಕ್ಕೆ ಕಮ್ಮಿ ಮಾಡ್ಬೇಕು ಅಂತ ನೀವೇ ಬರವಣಿಗೆಯಲ್ಲಿ ಕೊಡಿ ಅಂದ್ರಂತೆ. ಬರೆದು ಕೊಡೋಕೆ ಹೀತ್‌ಗೆ ಧೈರ್ಯ ಬರ್ಲಿಲ್ಲ. ಹೆಸರಲ್ಲಿ ಬ್ರಿಟಿಷ್ ಅಂತ ಇರೋ ಕಂಪನಿ, ಸರ್ಕಾರನೇ ಒಡೆಯ, ಆದ್ರೂ ಎಣ್ಣೆ ಸಿಗ್ಲಿಲ್ಲ! ಮೂರೂ ಬೇರೆ ಬೇರೆ ಅಂತ ನಾನು ಮೊದಲೇ ಹೇಳಿದ್ನಲ್ಲ. ಕಂಪನಿಗಳು ಕೊನೆಗೆ ಇದ್ದ ಎಣ್ಣೆನ ಎಲ್ಲಾ ದೇಶಗಳಿಗೂ ಹಂಚಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ನೋವು ಆಗೋ ಹಾಗೆ ಮಾಡಿದ್ವು, ನ್ಯಾಯವಾಗಿ ನೋಡಿದ್ರೆ ಒಳ್ಳೆ ಕೆಲಸ, ಆದ್ರೆ ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳ್ಲಿಲ್ಲ.

ಅಮೆರಿಕದಲ್ಲಿ 1974ರ ಜನವರಿಯಲ್ಲಿ ಸೆನೆಟರ್ ಹೆನ್ರಿ ಜಾಕ್ಸನ್ ದೊಡ್ಡ ಕಂಪನಿಗಳ ಅಧಿಕಾರಿಗಳನ್ನ ಸಾಲಾಗಿ ಕೂರಿಸಿ ಟಿವಿ ಮುಂದೆ ಪ್ರಮಾಣ ಮಾಡಿಸಿದ್ರು, ಲಾಭ ಅಸಹ್ಯ ಹುಟ್ಟಿಸೋ ಹಾಗಿದೆ ಅಂದ್ರು. ಮೊಬಿಲ್ ಮಾತ್ರ ಸುಮ್ನಿರೋ ಜಾತಿ ಅಲ್ಲ, 1970ರಿಂದಲೇ ಪೇಪರಲ್ಲಿ ಲೇಖನದ ತರ ಆಡ್ ಬರೆಸ್ತಿತ್ತು, ಸಾರ್ವಜನಿಕ ಟಿವಿ ಪಿಬಿಎಸ್‌ಗೆ ಬ್ರಿಟಿಷ್ ನಾಟಕ ಧಾರಾವಾಹಿಗಳನ್ನ ಪ್ರಾಯೋಜಿಸ್ತಿತ್ತು, ಎಷ್ಟರಮಟ್ಟಿಗೆ ಅಂದ್ರೆ ಜನ ಪಿಬಿಎಸ್ ಅಂದ್ರೆ ‘ಪೆಟ್ರೋಲಿಯಂ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಅಂತ ಆಡ್ಕೊಳ್ಳೋರು.

ಯುದ್ಧ ನಡೆಯೋ ಜಾಗದಲ್ಲೇ ಕಂಪನಿ ಇದ್ರೆ ಯಾರ ಪರ ನಿಲ್ಲುತ್ತೆ?

ಬಾವಿ ಯಾರ ಕೈಯಲ್ಲಿದೆಯೋ ಅವರ ಪರ. ಅಷ್ಟೇ ಸಿಂಪಲ್, ಆದ್ರೆ ಯಾರ ಕೈಯಲ್ಲಿದೆ ಅನ್ನೋದೇ ಗೊತ್ತಾಗದೇ ಇದ್ರೆ ಕಷ್ಟ. 1967ರಲ್ಲಿ ನೈಜೀರಿಯಾದಿಂದ ಬಯಾಫ್ರಾ ಬೇರೆ ಆದಾಗ ಶೆಲ್ ಬಿಪಿ ಜಂಟಿ ಕಂಪನಿ ಹತ್ರ ಎರಡೂ ಸರ್ಕಾರ ರಾಯಲ್ಟಿ ಕೇಳ್ತು. ಅತ್ತ ದರಿ ಇತ್ತ ಪುಲಿ. ಬಯಾಫ್ರಾಗೆ ಸಾಂಕೇತಿಕವಾಗಿ 2,50,000 ಪೌಂಡ್ ಕೊಡ್ತೀವಿ ಅಂತ ಹೊರಟಿದ್ದಕ್ಕೆ ನೈಜೀರಿಯಾ ಸಿಟ್ಟಾಗಿ ಎಣ್ಣೆ ಹಡಗುಗಳಿಗೇ ದಿಗ್ಬಂಧನ ಹಾಕ್ತು.

ಅಂಗೋಲಾದ ಕಬಿಂಡಾ ಇನ್ನೂ ತಮಾಷೆ. ಅಮೆರಿಕದ ಗಲ್ಫ್ ಕಂಪನಿ ಅಲ್ಲಿ ಎಣ್ಣೆ ತೆಗೀತಿತ್ತು, ಪೋರ್ಚುಗೀಸರ ಕಾಲದಲ್ಲಿ ವಸಾಹತು ಯುದ್ಧಕ್ಕೆ ದುಡ್ಡು ಕೊಡ್ತಿದೆ ಅಂತ ಬಹಿಷ್ಕಾರ ಆಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕಮ್ಯುನಿಸ್ಟ್ ಸರ್ಕಾರ, ಅದರ ವಿರುದ್ಧ ಹೋರಾಡೋ ಗುಂಪಿಗೆ ಅಮೆರಿಕ ಬೆಂಬಲ, ಆದ್ರೆ ಅಮೆರಿಕ ಕಂಪನಿಯ ಬಾವಿಗಳನ್ನ ಕಾಯ್ತಿದ್ದೋರು ಕ್ಯೂಬಾ ಸೈನಿಕರು! 1985ರ ಮೇ ತಿಂಗಳಲ್ಲಿ ಅದನ್ನ ಸ್ಫೋಟಿಸೋಕೆ ಬಂದು ಸಿಕ್ಕಿಬಿದ್ದೋರು ದಕ್ಷಿಣ ಆಫ್ರಿಕಾ ಕಮಾಂಡೋಗಳು, ಅವರು ಅಮೆರಿಕದ ಕಡೆಯವರು. ಯಾರ ಬಾವಿ, ಯಾರ ಗನ್, ಯಾರ ಕಡೆ, ಒಂದು ಪೇಪರ್ ತಗೊಂಡು ಗೆರೆ ಎಳೆದು ನೋಡಿ, ತಲೆ ತಿರುಗುತ್ತೆ.

2022ರಲ್ಲಿ ಶೆಲ್ ಕ್ಷಮೆ ಕೇಳಿದ್ದು ಯಾಕೆ?

ಉಕ್ರೇನ್ ಯುದ್ಧ ಶುರುವಾದ ಮೇಲೆ ಫೆಬ್ರವರಿ 27ಕ್ಕೆ ಬಿಪಿ, ರಷ್ಯಾದ ಸರ್ಕಾರಿ ಎಣ್ಣೆ ಕಂಪನಿ ರೋಸ್ನೆಫ್ಟ್‌ನಲ್ಲಿದ್ದ 19.75 ಪರ್ಸೆಂಟ್ ಪಾಲು ಬಿಡ್ತೀನಿ ಅಂತು. ಮಾರನೇ ದಿನ ಶೆಲ್, ರಷ್ಯಾದ ಸಖಾಲಿನ್ 2 ಗ್ಯಾಸ್ ಯೋಜನೆ ಬಿಡ್ತೀನಿ ಅಂತು. ಎಲ್ಲಾ ಚಪ್ಪಾಳೆ. ಇನ್ನೂ ಒಂದು ವಾರ ಆಗಿರ್ಲಿಲ್ಲ, ಮಾರ್ಚ್ 4ಕ್ಕೆ ಶೆಲ್‌ನ ಟ್ರೇಡರ್‌ಗಳು 1,00,000 ಟನ್ ರಷ್ಯನ್ ಕಚ್ಚಾ ತೈಲ ಕೊಂಡ್ಬಿಟ್ರು, ಬ್ರೆಂಟ್ ಅನ್ನೋ ಅಂತರರಾಷ್ಟ್ರೀಯ ಅಳತೆಗೋಲಿನ ರೇಟಿಗಿಂತ ಬ್ಯಾರೆಲ್‌ಗೆ 28.50 ಡಾಲರ್ ಕಮ್ಮಿಗೆ, ಆ ಡಿಸ್ಕೌಂಟೇ ಒಂದು ದಾಖಲೆ. ಟ್ರೇಡರ್ ಕಣ್ಣಲ್ಲಿ ನೋಡಿದ್ರೆ ಕಾನೂನುಬದ್ಧ, ಭಾರೀ ಅಗ್ಗ, ಬೇಡ ಅನ್ನೋಕೆ ಕಾರಣನೇ ಇಲ್ಲ. ಆದ್ರೆ ಉಕ್ರೇನ್ ವಿದೇಶಾಂಗ ಮಂತ್ರಿ ಕುಲೇಬಾ, ರಷ್ಯನ್ ಎಣ್ಣೆಗೆ ಉಕ್ರೇನ್ ರಕ್ತದ ವಾಸನೆ ಬರ್ತಿಲ್ವಾ ಅಂತ ಶೆಲ್‌ನ ಹೆಸರು ಹಿಡಿದೇ ಕೇಳಿದ್ರು. ಆ ಒಂದು ಸಾಲಿನ ಮುಂದೆ ಯಾವ ಪ್ರೆಸ್ ನೋಟ್ ನಿಲ್ಲುತ್ತೆ? ಮಾರ್ಚ್ 8ಕ್ಕೆ ಸಿಇಒ ಬೆನ್ ವಾನ್ ಬ್ಯೂರ್ಡೆನ್ ಕ್ಷಮೆ ಕೇಳಿದ್ರು, ಲಾಭನ ಸಹಾಯ ನಿಧಿಗೆ ಕೊಡ್ತೀವಿ, ರಷ್ಯಾದ ಬಂಕ್ ಮುಚ್ತೀವಿ ಅಂದ್ರು.

ಕಥೆ ಅಲ್ಲಿಗೂ ಮುಗೀಲಿಲ್ಲ. ಏಪ್ರಿಲ್‌ನಲ್ಲಿ ಗೊತ್ತಾಗಿದ್ದೇನಂದ್ರೆ ಶೆಲ್‌ನ ಟ್ರೇಡಿಂಗ್ ಷರತ್ತಲ್ಲಿ, ಮಿಶ್ರಣದಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ರಷ್ಯನ್ ಮಾಲಿದ್ರೆ ಮಾತ್ರ ಅದು ರಷ್ಯನ್. ಅಂದ್ರೆ 49.99 ಪರ್ಸೆಂಟ್ ಇದ್ರೆ ಅಲ್ಲ! ಮಾರ್ಕೆಟ್‌ನಲ್ಲಿ ಇಂಥ ಮಿಶ್ರಣಕ್ಕೆ ‘ಲಾಟ್ವಿಯನ್ ಬ್ಲೆಂಡ್’ ಅಂತ ಅಡ್ಡಹೆಸರೇ ಇತ್ತು. ಹಾಲಿಗೆ ನೀರು ಹಾಕೋನು ಇಷ್ಟು ಕರೆಕ್ಟಾಗಿ ಅಳೆಯಲ್ಲ. ಬೈಗುಳ ಬಿದ್ದ ಮೇಲೆ ಆ ಷರತ್ತನ್ನೂ ಬಿಗಿ ಮಾಡಿದ್ರು.

‘ನಾವು ಆ ದೇಶ ಬಿಟ್ವಿ’ ಅಂತ ಕಂಪನಿ ಹೇಳಿದ್ರೆ ನಂಬಬಹುದಾ?

ಬಿಡ್ತೀವಿ ಅಂತ ಹೇಳೋದು ಒಂದು ದಿನದ ಕೆಲಸ, ಬಿಡೋದು ವರ್ಷಗಳ ಕೆಲಸ. ಬಿಪಿ ಲೆಕ್ಕದಲ್ಲಿ 2,400 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಬರ್ಕೊಂಡ್ತು, ಆದ್ರೆ ಘೋಷಣೆ ಆಗಿ ವರ್ಷ ಕಳೆದ್ರೂ ಷೇರು ಕಾಗದದ ಮೇಲೆ ಅವರ ಹೆಸರಲ್ಲೇ ಇತ್ತು, ಯಾಕಂದ್ರೆ ಮಾರೋಕೆ ರಷ್ಯಾ ಸರ್ಕಾರದ ಒಪ್ಪಿಗೆ ಬೇಕು. ಫ್ರಾನ್ಸಿನ ಕಂಪನಿ ಟೋಟಲ್ ಎನರ್ಜೀಸ್ ತಕ್ಷಣ ಬಿಡಲ್ಲ ಅಂತು, ರಷ್ಯನ್ ಎಣ್ಣೆ ಕೊಳ್ಳೋದನ್ನ ವರ್ಷದ ಕೊನೆಗೆ ನಿಲ್ಲಿಸ್ತೀವಿ ಅಂತು, ಫ್ರಾನ್ಸಲ್ಲಿ ಭಾರೀ ಬೈಸ್ಕೊಂಡ್ತು.

ಗಮನಿಸಬೇಕಾದ್ದು ಇದು. ಅದೇ ಸಖಾಲಿನ್ 2ರಲ್ಲಿ ಜಪಾನಿನ ಮಿತ್ಸುಯಿ 12.5 ಪರ್ಸೆಂಟ್, ಮಿತ್ಸುಬಿಷಿ 10 ಪರ್ಸೆಂಟ್ ಇಟ್ಕೊಂಡಿದ್ವು, ಬಿಡ್ಲಿಲ್ಲ, ಗ್ಯಾಸ್ ತಮ್ಮ ದೇಶಕ್ಕೆ ಬೇಕು ಅಂದ್ವು. ಅವರ ವಿರುದ್ಧ ಶೆಲ್‌ಗೆ ಆದಷ್ಟು ಗಲಾಟೆ ಕೇಳಿದ್ರಾ? ಯುರೋಪಿನ ರಸ್ತೆಗಳಲ್ಲಿ ಅವರ ಹೆಸರಿನ ಬಂಕ್ ಇಲ್ಲ, ಶೆಲ್‌ಗಿರೋ ಹಾಗೆ ಹಳದಿ ಚಿಪ್ಪಿನ ಬೋರ್ಡ್ ಇಲ್ಲ, ಕಲ್ಲು ಹೊಡೆಯೋಕೆ ಏನೂ ಸಿಗಲ್ಲ.

ಬಿಟ್ಟುಹೋದ ಬಂಕ್‌ಗಳು ಏನಾದ್ವು?

ಶೆಲ್ ರಷ್ಯಾದಲ್ಲಿದ್ದ 411 ಬಂಕ್‌ಗಳನ್ನ 2022ರ ಮೇನಲ್ಲಿ ಲುಕಾಯಿಲ್‌ಗೆ ಮಾರ್ತು. ಲುಕಾಯಿಲ್ ಅವುಗಳ ಮೇಲೆ ಹಾಕಿದ ಹೆಸರು ಟೆಬಾಯಿಲ್. ಟೆಬಾಯಿಲ್ ಫಿನ್‌ಲ್ಯಾಂಡ್‌ನ ಹಳೇ ಬ್ರ್ಯಾಂಡ್, ಎರಡನೇ ಮಹಾಯುದ್ಧ ಆದ್ಮೇಲೆ ಸೋವಿಯತ್ ಕೈಗೆ ಹೋಗಿ, 2005ರಲ್ಲಿ ಲುಕಾಯಿಲ್‌ಗೆ ಬಂತು. ಹಾಗಾಗಿ ಫಿನ್‌ಲ್ಯಾಂಡಲ್ಲಿ ಇದು ರಷ್ಯಾ ಕಂಪನಿ ಅಂತ ಜನ ಟೆಬಾಯಿಲ್ ಬಂಕ್ ಕಡೆ ತಲೆ ಹಾಕ್ತಿರ್ಲಿಲ್ಲ, ಅದೇ ಹೊತ್ತಿಗೆ ರಷ್ಯಾದಲ್ಲಿ ಅದೇ ಹೆಸರು ಹೊಸದಾಗಿ ಮೇಲೇರ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಲುಕಾಯಿಲ್ ಮೇಲೆ ನಿರ್ಬಂಧ ಹಾಕಿದ ಮೇಲೆ ಫಿನ್‌ಲ್ಯಾಂಡ್‌ನ ಟೆಬಾಯಿಲ್ ಅಂಗಡಿ ಮುಚ್ಚೋ ದಾರಿ ಹಿಡೀತು.

ಬಹಿಷ್ಕಾರದಿಂದ ಏನಾದ್ರೂ ಆಗುತ್ತಾ?

ದುಡ್ಡಿನ ಲೆಕ್ಕದಲ್ಲಿ ಕಮ್ಮಿ. ನೀವು ಒಂದು ಬಂಕ್ ಬಿಟ್ಟು ಪಕ್ಕದ್ದಕ್ಕೆ ಹೋದ್ರೆ ಅದೇ ಡಿಪೋ ಎಣ್ಣೆ ಸಿಗೋ ಚಾನ್ಸ್ ಜಾಸ್ತಿ, ಪೆಟ್ಟು ಬೀಳೋದು ಬಂಕ್ ನಡೆಸೋನಿಗೆ. ಆದ್ರೆ ಹೆಸರಿನ ಲೆಕ್ಕದಲ್ಲಿ ಕೆಲಸ ಮಾಡುತ್ತೆ, ಅದಕ್ಕೇ ಕಂಪನಿಗಳು ಹೆದರೋದು. ಶೆಲ್ ನಾಲ್ಕೇ ದಿನಕ್ಕೆ ಕ್ಷಮೆ ಕೇಳಿದ್ದು ಅದಕ್ಕೇ. ಈಗ ಇಸ್ರೇಲ್‌ನ ತಮಾರ್, ಲೆವಿಯಾಥನ್ ಗ್ಯಾಸ್ ಬಾವಿ ನಡೆಸ್ತಿರೋದಕ್ಕೆ ಶೆವ್ರಾನ್ ವಿರುದ್ಧ ಕರೆ ಇದೆ, ಅಲ್ಲೂ ಗುರಿ ಬಾವಿ ಅಲ್ಲ, ಶೆವ್ರಾನ್‌ದೇ ಬ್ರ್ಯಾಂಡ್‌ಗಳಾದ ಕ್ಯಾಲ್ಟೆಕ್ಸ್, ಟೆಕ್ಸಾಕೋ ಬೋರ್ಡ್ ಇರೋ ಬಂಕ್‌ಗಳು. ಕೈಗೆ ಸಿಗೋದು ಅದೊಂದೇ.

ಕಂಪನಿ ಹೆಸರು ಸುಮ್ಸುಮ್ನೆ ಯುದ್ಧಕ್ಕೆ ಅಂಟಿಕೊಂಡಿದ್ದೂ ಇದೆಯಾ?

ಇದೆ, ಕೋಪನ್‌ಹೇಗನ್‌ನ ಶೆಲ್‌ಹುಸ್. ಡ್ಯಾನಿಷ್ ಶೆಲ್‌ನ ಆಫೀಸ್ ಬಿಲ್ಡಿಂಗ್, ಜರ್ಮನ್ನರು ದೇಶ ಹಿಡಿದಾಗ ಅದನ್ನ ಕಿತ್ಕೊಂಡು ಗೆಸ್ಟಾಪೋ (ನಾಜಿ ಗುಪ್ತ ಪೊಲೀಸ್) ಕಚೇರಿ ಮಾಡ್ಕೊಂಡ್ರು, ವಿಚಾರಣೆ, ಚಿತ್ರಹಿಂಸೆ ಎಲ್ಲಾ ಅಲ್ಲೇ, ಮೇಲಿನ ಮಹಡಿಯಲ್ಲಿ ಡ್ಯಾನಿಷ್ ಹೋರಾಟಗಾರರನ್ನೇ ಕೂಡಿಹಾಕಿದ್ರು, ಬಾಂಬ್ ಹಾಕಬಾರದು ಅಂತ. ಆ ಹೋರಾಟಗಾರರ ಕಡೆಯವರೇ ಕೇಳ್ಕೊಂಡ ಮೇಲೆ 1945ರ ಮಾರ್ಚ್ 21ಕ್ಕೆ ಬ್ರಿಟಿಷ್ ಮಸ್ಕಿಟೋ ವಿಮಾನಗಳು ಮನೆ ಛಾವಣಿ ಎತ್ತರದಲ್ಲಿ ಹಾರಿ ಬಂದು ಹೊಡೆದ್ವು, ಕೆಲವು ಖೈದಿಗಳು ತಪ್ಪಿಸಿಕೊಂಡ್ರು, ಆದ್ರೆ ಒಂದು ವಿಮಾನ ಹತ್ತಿರದ ಶಾಲೆ ಪಕ್ಕ ಬಿತ್ತು, ಆ ಹೊಗೆನೇ ಗುರಿ ಅನ್ಕೊಂಡು ಹಿಂದೆ ಬಂದೋರು ಶಾಲೆ ಮೇಲೆ ಬಾಂಬ್ ಹಾಕಿದ್ರು, 86 ಮಕ್ಕಳು ಸತ್ತೋದ್ರು.

ಆಮೇಲೆ ಅದೇ ಜಾಗದಲ್ಲಿ ಬಿಲ್ಡಿಂಗ್ ಮತ್ತೆ ಕಟ್ಟಿದ್ರು. ಗೋಡೆಗೆ ಆ ದಿನದ ನೆನಪಿಗೆ ಒಂದು ಮಸ್ಕಿಟೋ ವಿಮಾನದ ಪ್ರೊಪೆಲ್ಲರ್ ಹಾಕಿದಾರೆ. ಬಿಲ್ಡಿಂಗ್ ಹೆಸರು ಇವತ್ತಿಗೂ ಶೆಲ್‌ಹುಸ್.